ನಾಯಿಯ ಚರ್ಮದ ಅಲರ್ಜಿ: ಕಾರಣ ಪತ್ತೆಹಚ್ಚುವುದು ಹೇಗೆ?

ನಾಯಿ ಆಗಾಗ ಮೈ ಕೆರೆದುಕೊಳ್ಳುವುದು ಸಹಜ. ಆದರೆ ಮಲಗಿದ್ದಲ್ಲಿಂದ ಎದ್ದು ಕೆರೆಯುವುದು, ಬೆರಳುಸಂದಿಯನ್ನು ಬಿಡದೆ ನೆಕ್ಕುವುದು, ಮುಖವನ್ನು ನೆಲಕ್ಕೆ ಉಜ್ಜುವುದು, ಪದೇಪದೇ ತಲೆ ಕೊಡವುವುದು ಕಂಡುಬಂದರೆ ಅಲರ್ಜಿ ಇರಬಹುದೆಂದು ಶಂಕಿಸಬೇಕು. ತಿಳಿಬಣ್ಣದ ನಾಯಿಯ ಪಾದದ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಅದು ಸಾಮಾನ್ಯವಾಗಿ ಜೊಲ್ಲಿನ ಕಲೆ. ಮನೆಯವರ ಕಣ್ಣಿಗೆ ಬೀಳದಿದ್ದರೂ ನಾಯಿ ಬಹಳ ಹೊತ್ತು ನೆಕ್ಕಿಕೊಳ್ಳುತ್ತಿದೆ ಎಂದರ್ಥ.

ಚಿಗಟದ ಕಡಿತ, ಆಹಾರ ಮತ್ತು ಸುತ್ತಲಿನ ಪರಾಗ, ಧೂಳಿನ ನುಸಿ, ಬೂಷ್ಟು ಈ ಅಲರ್ಜಿಯ ಮುಖ್ಯ ಕಾರಣಗಳು. ಒಂದೇ ನಾಯಿಗೆ ಎರಡು ಕಾರಣಗಳು ಕೂಡಿಕೊಂಡಿರುವುದೂ ಉಂಟು. ಆದ್ದರಿಂದ ಮುಲಾಮು, ಶಾಂಪೂಗಳನ್ನು ಬದಲಿಸುತ್ತಾ ಹೋಗುವ ಬದಲು, ಒಂದೊಂದೇ ಕಾರಣವನ್ನು ಕ್ರಮವಾಗಿ ಪರೀಕ್ಷಿಸಿ ತಳ್ಳಿಹಾಕುತ್ತಾ ಬರಬೇಕು.

ಮೊದಲು ತುರಿಕೆ ಎಲ್ಲಿದೆ, ಯಾವಾಗ ಶುರುವಾಯಿತು, ವರ್ಷವಿಡೀ ಇರುತ್ತದೆಯೇ ಅಥವಾ ಕೆಲವು ತಿಂಗಳು ಮಾತ್ರವೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಬಾಲದ ಬುಡ ಮತ್ತು ಹಿಂದೊಡೆಗಳಲ್ಲಿ ಕೂದಲು ಉದುರಿದ್ದರೆ ಚಿಗಟದ ಮೇಲೆ ಅನುಮಾನ ಹೆಚ್ಚು. ಪಾದ, ಕಿವಿ, ಕಂಕುಳು, ಹೊಟ್ಟೆಯ ಭಾಗ ಕೆಂಪಾಗಿದ್ದು, ತೊಂದರೆ ಆರು ತಿಂಗಳಿಂದ ಮೂರು ವರ್ಷದೊಳಗಿನ ವಯಸ್ಸಿನಲ್ಲಿ ಆರಂಭವಾಗಿದ್ದರೆ ಪರಿಸರದ ಅಲರ್ಜಿಯ ಸಾಧ್ಯತೆ ಹೆಚ್ಚು. ಆಹಾರದ ಅಲರ್ಜಿ ಯಾವ ವಯಸ್ಸಿನಲ್ಲೂ ಬರಬಹುದು; ಜೊತೆಗೆ ಭೇದಿ, ವಾಂತಿ ಇದ್ದರೆ ಅದನ್ನೂ ದಾಖಲಿಸಿ.

ಎರಡನೆಯದಾಗಿ ಚಿಗಟ ಹುಡುಕಿ. ಒತ್ತುಹಲ್ಲಿನ ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿದಾಗ ಅದರ ಸುತ್ತ ಕೆಂಪುಮಿಶ್ರಿತ ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಆ ಬಣ್ಣ ಜೀರ್ಣವಾದ ರಕ್ತದ್ದು. ಅಲರ್ಜಿ ಇರುವುದು ಚಿಗಟದ ಜೊಲ್ಲಿಗಾದ್ದರಿಂದ ಕೆಲವೇ ಕಡಿತಗಳು ಸಾಕು, ಮೈಮೇಲೆ ಒಂದೂ ಚಿಗಟ ಸಿಗದಿರಬಹುದು. ಹಾಗಾಗಿ ಏನೂ ಕಾಣದಿದ್ದರೂ ವೈದ್ಯರು ಸೂಚಿಸಿದ ಚಿಗಟನಾಶಕವನ್ನು ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಕೆಲವು ತಿಂಗಳು ತಪ್ಪದೆ ಕೊಡುವುದು ಲೇಸು. ಮೊಟ್ಟೆ, ಮರಿಹುಳು, ಕೋಶಗಳು ಹಾಸಿಗೆ, ನೆಲಹಾಸು, ಬಿರುಕುಗಳಲ್ಲಿ ಅಡಗಿರುವುದರಿಂದ ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು, ಮೂಲೆಮೂಲೆಯ ಧೂಳು ತೆಗೆಯಬೇಕು. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ನಾಯಿಯ ಔಷಧ ಬೆಕ್ಕಿಗೆ ವಿಷ ಎಂಬುದನ್ನು ಮರೆಯಬಾರದು.

ಮೂರನೆಯದು ಪಶುವೈದ್ಯರ ಪರೀಕ್ಷೆ. ಕಜ್ಜಿಯ ನುಸಿ ಇದೆಯೇ ಎಂದು ತಿಳಿಯಲು ಅವರು ಚರ್ಮವನ್ನು ಕೆರೆದು, ಬ್ಯಾಕ್ಟೀರಿಯಾ ಅಥವಾ ಯೀಸ್ಟ್ ಸೋಂಕಿಗಾಗಿ ಅಂಟುಪಟ್ಟಿಯಿಂದ ಮಾದರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚರ್ಮ ಜಿಡ್ಡಾಗಿ, ಕಪ್ಪಾಗಿ, ಕಮಟು ವಾಸನೆ ಬರುತ್ತಿದ್ದರೆ ಯೀಸ್ಟ್ ಬೆಳೆದಿರುವ ಸಂಭವ ಹೆಚ್ಚು. ಈ ಸೋಂಕು ವಾಸಿಯಾಗುವವರೆಗೆ ಅಲರ್ಜಿಯ ಔಷಧ ಎಷ್ಟು ಫಲ ಕೊಟ್ಟಿತೆಂದು ಅಳೆಯಲಾಗದು.

ಆ ಬಳಿಕವೂ ವರ್ಷವಿಡೀ ತುರಿಕೆ ಉಳಿದರೆ ಆಹಾರದ ಪರೀಕ್ಷೆ ಮಾಡಬೇಕು. ಮನೆಯವರ ತಾಳ್ಮೆಗೆ ಕಠಿಣವಾದ ಹಂತ ಇದೇ. ನಾಯಿ ಹಿಂದೆ ತಿಂದೇ ಇರದ ಪ್ರೋಟೀನ್ ಅಥವಾ ವೈದ್ಯರು ಸೂಚಿಸುವ, ಪ್ರೋಟೀನನ್ನು ಸಣ್ಣ ತುಣುಕುಗಳಾಗಿ ಒಡೆದ ವಿಶೇಷ ಆಹಾರವನ್ನು ಕನಿಷ್ಠ 8 ವಾರ ಕೊಡಬೇಕು, ಬೇರೇನನ್ನೂ ಕೊಡುವಂತಿಲ್ಲ. ಬಿಸ್ಕತ್ತಿನ ತುಂಡು, ಮಗುವಿನ ತಟ್ಟೆಯಿಂದ ಬಿದ್ದ ತುತ್ತು, ರುಚಿ ಬೆರೆಸಿದ ಮಾತ್ರೆ ಇವು ಕೂಡ ಪರೀಕ್ಷೆಯನ್ನು ಕೆಡಿಸಬಲ್ಲವು. ತುರಿಕೆ ತಗ್ಗಿದರೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ಸಾಮಾನ್ಯವಾಗಿ ಎರಡು ವಾರದೊಳಗೆ ತುರಿಕೆ ಮರುಕಳಿಸಿದರೆ ಮಾತ್ರ ಆಹಾರವೇ ಕಾರಣವೆಂದು ಖಚಿತವಾಗುತ್ತದೆ. ರಕ್ತ, ಜೊಲ್ಲು ಅಥವಾ ಕೂದಲ ಪರೀಕ್ಷೆಯಿಂದ ಆಹಾರದ ಅಲರ್ಜಿ ಹೇಳುತ್ತೇವೆನ್ನುವ ಕಿಟ್‌ಗಳನ್ನು ನಂಬಿ ಹಣ ಕಳೆಯುವುದು ಬೇಡ.

ಇಷ್ಟರಲ್ಲಿ ಯಾವುದೂ ಅಲ್ಲವೆಂದಾದಾಗ ಉಳಿಯುವುದು ಪರಿಸರದ ಅಲರ್ಜಿ. ಇದನ್ನು ಬೇರುಸಹಿತ ಕಿತ್ತುಹಾಕಲಾಗದು, ಹತೋಟಿಯಲ್ಲಿ ಇಡಬಹುದು. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ, ಔಷಧಿ ಶಾಂಪೂವನ್ನು ಸುಮಾರು 10 ನಿಮಿಷ ಮೈಮೇಲೆ ಬಿಟ್ಟು ತೊಳೆಯಬೇಕು. ಮನುಷ್ಯರ ಶಾಂಪೂ ಬೇಡ. ಅಡ್ಡಾಡಿ ಬಂದಾಗ ಪಾದಗಳನ್ನು ಒದ್ದೆಬಟ್ಟೆಯಿಂದ ಒರೆಸಿ, ಬೆರಳುಸಂದಿಯನ್ನು ಒಣಗಿಸಿ. ಸ್ಟಿರಾಯ್ಡ್ ಬೇಗ ಕೆಲಸ ಮಾಡುತ್ತದೆ. ಆದರೆ ಬಾಯಾರಿಕೆ, ಹಸಿವು, ಮೂತ್ರ ಹೆಚ್ಚಿಸುವುದರಿಂದ ದೀರ್ಘಕಾಲಕ್ಕೆ ಒಗ್ಗದು, ಹಾಗೆಂದು ತಾವೇ ಥಟ್ಟನೆ ನಿಲ್ಲಿಸಲೂಬಾರದು. ತುರಿಕೆ ತಗ್ಗಿಸುವ ಓಕ್ಲಾಸಿಟಿನಿಬ್ ಮಾತ್ರೆಯನ್ನು 12 ತಿಂಗಳು ತುಂಬದ ನಾಯಿಗೆ ಕೊಡುವುದಿಲ್ಲ. ಅಲರ್ಜಿಕಾರಕವನ್ನೇ ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ ದೇಹವನ್ನು ಒಗ್ಗಿಸುವ ಚಿಕಿತ್ಸೆಯೂ ಇದೆ. ಅದರ ಫಲ ಕಾಣಲು ಒಂದು ವರ್ಷ ಹಿಡಿಯಬಹುದು.

ಮುಖ ಏಕಾಏಕಿ ಊದಿಕೊಂಡರೆ, ಮೈತುಂಬ ಗಂಧೆ ಎದ್ದರೆ, ಉಸಿರಾಟಕ್ಕೆ ಕಷ್ಟವಾದರೆ ಈ ಯಾವ ಕ್ರಮಕ್ಕೂ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಲೇಬಾರದು. ಟೀ ಟ್ರೀ ಎಣ್ಣೆಯನ್ನು ಹಚ್ಚುವುದೂ ಅಪಾಯಕಾರಿ, ಏಕೆಂದರೆ ಅದು ನಾಯಿಗೆ ವಿಷ, ಹಚ್ಚಿದ್ದನ್ನು ನಾಯಿ ನೆಕ್ಕದೆ ಬಿಡುವುದೂ ಇಲ್ಲ.