ಎರಡನೇ ಅಕ್ಷವನ್ನು ಮೊದಲನೆಯದಕ್ಕೆ ಸರಿಹೊಂದಿಸುವುದು ಹೇಗೆ?

ಒಂದೇ ಗ್ರಾಫ್‌ನಲ್ಲಿ ಎರಡು ವೈ ಅಕ್ಷ (ಎಡಕ್ಕೊಂದು, ಬಲಕ್ಕೊಂದು ಲಂಬ ಅಕ್ಷ) ಹಾಕುವವರು ಬಹುತೇಕ ಒಂದೇ ಕಡೆ ಎಡವುತ್ತಾರೆ. ಎಡಗಡೆಯ ಸೊನ್ನೆ ಒಂದು ಎತ್ತರದಲ್ಲಿ, ಬಲಗಡೆಯ ಸೊನ್ನೆ ಇನ್ನೊಂದು ಎತ್ತರದಲ್ಲಿ. ನಷ್ಟದ ಗೆರೆ ಲಾಭದಂತೆ ಕಾಣುತ್ತದೆ.

ಎರಡೂ ಒಂದೇ ಅಳತೆಯ ಎರಡು ರೂಪವಾಗಿದ್ದರೆ (ಸೆಲ್ಸಿಯಸ್, ಫ್ಯಾರನ್‌ಹೀಟ್) ಕಷ್ಟವೇನಿಲ್ಲ. ಪೈಥಾನ್‌ನ ಗ್ರಾಫ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನ ಸೆಕೆಂಡರಿ_ವೈಆಕ್ಸಿಸ್‌ಗೆ ಪರಿವರ್ತನೆಯ ಸೂತ್ರವನ್ನೂ ಅದರ ವಿಲೋಮವನ್ನೂ ಕೊಟ್ಟರೆ ಮುಗಿಯಿತು. ಬೇರೆ ಬೇರೆ ಅಳತೆಗಳಾದರೆ ಅದೇ ಎಕ್ಸ್ ಅಕ್ಷದ ಮೇಲೆ ಇನ್ನೊಂದು ವೈ ಅಕ್ಷ ಕೊಡುವ ಟ್ವಿನ್‌ಎಕ್ಸ್ ಬಳಸಿ, ಎರಡೂ ಗೆರೆ ಎಳೆಯಿರಿ.

ಇನ್ನು ನಿಜವಾದ ಕೆಲಸ. ಎಡ ಅಕ್ಷದಲ್ಲಿ ಬೆಳವಣಿಗೆಯ ಶೇಕಡಾವಾರು −20ರಿಂದ 80ರವರೆಗೆ, 20ರ ಅಂತರದಲ್ಲಿ ಇದೆ ಎನ್ನಿ. ಅಂದರೆ ಒಟ್ಟು 5 ಮನೆ: ಸೊನ್ನೆಯ ಕೆಳಗೆ 1, ಮೇಲೆ 4. ಬಲಗಡೆಗೂ ಇದೇ 1 ಮತ್ತು 4 ಇರಲೇಬೇಕು. ಅಲ್ಲಿನ ನಿವ್ವಳ ಲಾಭ −60ರಿಂದ 340 ಆಗಿದ್ದರೆ, ಕೆಳಗಿನ ಮನೆಗೆ ಬೇಕಾದದ್ದು 60, ಮೇಲಿನ ಒಂದೊಂದು ಮನೆಗೆ 340ರ ಕಾಲು ಭಾಗ, 85. ದೊಡ್ಡದನ್ನು ಹಿಡಿದು ದುಂಡಗೆ 100 ಮಾಡಿ. ಬಲ ಅಕ್ಷ −100ರಿಂದ 400. ಲಾಭದ ಕನಿಷ್ಠ ಅಂಕಿ −60ರ ಬದಲು −130 ಆಗಿದ್ದರೆ ಕೆಳಗಿನ ಮನೆಯೇ ಲೆಕ್ಕ ತೀರ್ಮಾನಿಸುತ್ತದೆ: ಅಂತರ 150, ಅಕ್ಷ −150ರಿಂದ 600. ಮೇಲೆ ಜಾಗ ಖಾಲಿ ಉಳಿಯುತ್ತದೆ, ಉಳಿಯಲಿ. ಅದನ್ನು ತುಂಬಿಸಲು ಹೋಗಿ ಸೊನ್ನೆಯನ್ನು ಸರಿಸಬೇಡಿ.

ಅಕ್ಷದ ಎರಡು ತುದಿ ಹೇಳುವ ಸೆಟ್_ವೈಲಿಮ್ ಒಂದೇ ಸಾಲದು, ಗುರುತುಗಳ ಜಾಗ ಹೇಳುವ ಸೆಟ್_ವೈಟಿಕ್ಸ್ ಕೂಡ ಕೊಡಿ. ಇಲ್ಲದಿದ್ದರೆ ಗುರುತುಗಳ ಅಂತರವನ್ನು ಲೈಬ್ರರಿ ತನಗೆ ತೋಚಿದಂತೆ ಆರಿಸಿಕೊಳ್ಳುತ್ತದೆ.

ಅಕ್ಷವನ್ನು ಸಮನಾಗಿ ಹಂಚುವ ಲೀನಿಯರ್‌ಲೊಕೇಟರ್ ಹಾಕಿ ಎರಡೂ ಕಡೆ 6 ಗುರುತು ಮೂಡಿಸುವ ಅಡ್ಡದಾರಿ ನನಗೆ ಸ್ವಲ್ಪವೂ ಹಿಡಿಸದು. ಗುರುತುಗಳು ಸಾಲಾಗಿ ನಿಲ್ಲುತ್ತವೆ ನಿಜ, ಆದರೆ 174.6ರಂಥ ಅಂಕಿಗಳನ್ನು ಯಾರೂ ಓದಲಾರರು. ಇನ್ನೊಂದು ಗ್ರಾಫ್ ಲೈಬ್ರರಿ ಪ್ಲಾಟ್ಲಿಯ ಟಿಕ್‌ಮೋಡ್ 'ಸಿಂಕ್' ಕೂಡ ಗುರುತುಗಳನ್ನು ಕೂಡಿಸುತ್ತದೆಯೇ ಹೊರತು ಸೊನ್ನೆಗಳನ್ನಲ್ಲ. ರೇಂಜ್ (ಅಕ್ಷದ ಎರಡು ತುದಿ) ನೀವೇ ಕೊಡಬೇಕು. ಆರ್ ಭಾಷೆಯ ಜಿಜಿಪ್ಲಾಟ್2 ಬಳಸುವವರಿಗೆ ದಾರಿಯೇ ಬೇರೆ: ಅಲ್ಲಿ ಸೆಕ್_ಆಕ್ಸಿಸ್ ಮೊದಲ ಅಕ್ಷದ ರೂಪಾಂತರ ಮಾತ್ರ. ಹಾಗಾಗಿ ನಮ್ಮ ಮೊದಲ ಉದಾಹರಣೆಯಲ್ಲಿ ಲಾಭವನ್ನು 5ರಿಂದ ಭಾಗಿಸಿ ಗೆರೆ ಎಳೆದು, ಅಕ್ಷದ ಅಂಕಿಗಳನ್ನು 5ರಿಂದ ಗುಣಿಸಬೇಕು.

ಗ್ರಿಡ್ ಎಡ ಅಕ್ಷಕ್ಕೆ ಮಾತ್ರ ಸಾಕು. ಅಕ್ಷದ ಅಂಕಿಗಳಿಗೆ ಆಯಾ ಗೆರೆಯ ಬಣ್ಣವನ್ನೇ ಕೊಡಿ. ಲೆಜೆಂಡ್ (ಯಾವ ಗೆರೆ ಯಾವುದು ಎಂದು ಹೇಳುವ ಪಟ್ಟಿ) ಎರಡು ಬೇಡ: ಎರಡೂ ಅಕ್ಷಗಳ ಹ್ಯಾಂಡಲ್‌ಗಳನ್ನು, ಅಂದರೆ ಪಟ್ಟಿಗೆ ಸೇರುವ ಗೆರೆಗಳನ್ನು, ಕೂಡಿಸಿ ಒಂದೇ ಲೆಜೆಂಡ್‌ಗೆ ಕಳಿಸಿ.