137ನೇ ಫ್ರೇಮಿನಲ್ಲೇ ಬ್ಲೆಂಡರ್ ಯಾಕೆ ಮುಚ್ಚಿಕೊಳ್ಳುತ್ತಿತ್ತು?

ಬ್ಲೆಂಡರ್ ಅನ್ನುವ 3ಡಿ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಮಾಡಿದ ಒಂದೇ ಒಂದು ಶಾಟ್. 240 ಫ್ರೇಮ್, ಸೆಕೆಂಡಿಗೆ 24ರ ಲೆಕ್ಕದಲ್ಲಿ ಹತ್ತೇ ಸೆಕೆಂಡು. ಕಲ್ಲುಮಣ್ಣಿನ ನೆಲದ ಮೇಲೆ ಇರುವೆ ನಡೆಯುತ್ತದೆ, ಕ್ಯಾಮೆರಾ ಕೆಳಗಿಳಿದು ಅದರ ಬೆನ್ನು ಹಿಡಿಯುತ್ತದೆ. ರಾತ್ರಿ ರೆಂಡರ್‌ಗೆ, ಅಂದರೆ ಸೀನನ್ನು ಅಂತಿಮ ಚಿತ್ರಗಳಾಗಿ ಮಾಡಿಸುವುದಕ್ಕೆ, ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ಬ್ಲೆಂಡರ್ ತಾನೇ ಮುಚ್ಚಿಕೊಂಡು ಕೂತಿದೆ.

ನೇರವಾಗಿ ಎಂಪಿ4 ವಿಡಿಯೋಗೆ ರೆಂಡರ್ ಮಾಡಿದ್ದು ನನ್ನದೇ ದಡ್ಡತನ. ನಡುವೆ ನಿಂತುಹೋದ ಆ ಫೈಲ್ ತೆರೆಯಲೇ ಇಲ್ಲ, ರಾತ್ರಿಯಿಡೀ ಮಾಡಿದ್ದೆಲ್ಲ ನೀರುಪಾಲು. ಔಟ್‌ಪುಟ್ ಅನ್ನು ಫ್ರೇಮಿಗೊಂದು ಪಿಎನ್‌ಜಿ ಚಿತ್ರಕ್ಕೆ ಬದಲಾಯಿಸಿ, ಇರುವ ಚಿತ್ರದ ಮೇಲೆಯೇ ಮತ್ತೆ ಬರೆಯುವ 'ಓವರ್‌ರೈಟ್' ಟಿಕ್ ತೆಗೆದು ಮತ್ತೆ ಶುರು ಮಾಡಿದೆ. ಹೀಗೆ ಮಾಡಿದರೆ ನಿಂತಲ್ಲಿಂದಲೇ ಮುಂದುವರಿಸಬಹುದು. ಈ ಸಲ 136 ಚಿತ್ರ ಸಿಕ್ಕವು. ಮತ್ತೆ ಓಡಿಸಿದೆ. ಒಂದೂ ಜಾಸ್ತಿ ಆಗಲಿಲ್ಲ.

ಆಮೇಲೆ ಎರಡು ದಿನ ಸುಮ್ನೆ ಕಳೆದೆ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದೆ, ಬ್ಲೆಂಡರ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ, ಆಡ್-ಆನ್‌ಗಳನ್ನೆಲ್ಲ ಆಫ್ ಮಾಡಿದೆ. ಎಲ್ಲವೂ ಒಟ್ಟಿಗೆ! ಅಕಸ್ಮಾತ್ ಸರಿಹೋಗಿದ್ದರೂ ಯಾವುದರಿಂದ ಅಂತ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಮೂರನೇ ದಿನ ತಣ್ಣಗೆ ಕೂತು ಯೋಚಿಸಿದೆ. ಬ್ಲೆಂಡರ್ ಕ್ರ್ಯಾಶ್ ಆದರೆ ಸಾಮಾನ್ಯವಾಗಿ ಟೆಂಪ್ ಫೋಲ್ಡರಿನಲ್ಲಿ, ನಮ್ಮ ಫೈಲಿನ ಹೆಸರಿಗೇ 'ಕ್ರ್ಯಾಶ್' ಅಂತ ಸೇರಿಸಿ ಒಂದು ಟೆಕ್ಸ್ಟ್ ಫೈಲ್ ಬರೆದಿಟ್ಟು ಹೋಗುತ್ತದೆ. ಕೊನೆಗೆ ಏನೇನು ಮಾಡಿದೆವು, ಪ್ರೋಗ್ರಾಂ ಎಲ್ಲಿ ಮುಗ್ಗರಿಸಿತು ಅನ್ನುವುದು ಅದರಲ್ಲಿ ಇರುತ್ತದೆ. ಹುಡುಕಿದೆ, ಅಂಥ ಫೈಲೇ ಇಲ್ಲ. ಮೊದಲು ನಿರಾಸೆಯಾಯಿತು. ಆಮೇಲೆ ಹೊಳೆಯಿತು: ಬರೆದಿಡಲು ಸಮಯವೇ ಸಿಗದ ಹಾಗೆ ಬೇರೆ ಯಾರೋ ಅದನ್ನು ಮುಗಿಸಿರಬೇಕು.

ನನ್ನದು ಲಿನಕ್ಸ್. ಐಕಾನ್ ಒತ್ತುವ ಬದಲು, ಆದೇಶ ಟೈಪ್ ಮಾಡುವ ಟರ್ಮಿನಲ್‌ನಿಂದ, ಬ್ಲೆಂಡರಿನ ಕಿಟಕಿ ತೆರೆಯದೆ, 137ನೇ ಫ್ರೇಮ್ ಒಂದನ್ನೇ ರೆಂಡರ್ ಮಾಡಿಸಿದೆ. ಪಕ್ಕದಲ್ಲಿ ಮೆಮೊರಿ ತೋರಿಸುವ ಸಿಸ್ಟಮ್ ಮಾನಿಟರ್ ಇಟ್ಟುಕೊಂಡೆ. 5 ಜಿಬಿ, 9 ಜಿಬಿ, 14 ಜಿಬಿ. ಮೌಸ್ ಕೂಡ ಅಲುಗಾಡಲಿಲ್ಲ. ಇದ್ದ 16 ಜಿಬಿಯೂ ಮುಗಿಯಿತು, ಟರ್ಮಿನಲ್‌ನಲ್ಲಿ ಒಂದೇ ಪದ ಬಂತು: 'ಕಿಲ್ಡ್'. ಲಿನಕ್ಸಿನ ತಿರುಳಾದ ಕರ್ನಲ್ ಬರೆದಿಡುವ ಲಾಗ್ ನೋಡಿದರೆ ಅಲ್ಲೂ 'ಔಟ್ ಆಫ್ ಮೆಮೊರಿ'. ಬ್ಲೆಂಡರ್ ಬಿದ್ದಿರಲಿಲ್ಲ, ಮೆಮೊರಿ ಸಾಲದೆ ಲಿನಕ್ಸೇ ಅದನ್ನು ಕೊಂದಿತ್ತು. ಪಾಪ, ಎರಡು ದಿನ ಅದನ್ನೇ ಬೈದಿದ್ದೆ.

ಹಾಗಾದರೆ ಇಷ್ಟೊಂದು ಮೆಮೊರಿ ತಿಂದಿದ್ದು ಯಾವುದು? ಸೀನ್‌ನಲ್ಲಿ 14 ಕಲೆಕ್ಷನ್, ಅಂದರೆ ವಸ್ತುಗಳ ಗುಂಪು, ಇದ್ದವು. ಅರ್ಧಕ್ಕೆ, ರೆಂಡರ್‌ನಲ್ಲಿ ಸೇರಬೇಕೋ ಬೇಡವೋ ಅಂತ ಹೇಳುವ ಕ್ಯಾಮೆರಾ ಐಕಾನ್ ಆಫ್ ಮಾಡಿ ರೆಂಡರ್ ಕೊಟ್ಟೆ. ಉಳಿದರೆ ತಪ್ಪು ಆಫ್ ಮಾಡಿದ ಅರ್ಧದಲ್ಲಿದೆ, ಸತ್ತರೆ ಈ ಅರ್ಧದಲ್ಲಿ. ನಾಲ್ಕೇ ಸುತ್ತಿಗೆ ಸಿಕ್ಕಿಬಿತ್ತು: ನೆಲ.

ನನಗೆ ನಗು ಬಂತು. ನೆಲ ಅಂದರೆ ಬರೀ ಒಂದು ಪ್ಲೇನ್, ಚಪ್ಪಟೆ ಹಾಳೆ. ಆದರೆ ಕಲ್ಲುಗಳು ಉಬ್ಬಿ ಕಾಣಲಿ ಅಂತ ಅದಕ್ಕೆ ನಾನೇ ಅಡಾಪ್ಟಿವ್ ಸಬ್‌ಡಿವಿಷನ್ ಹಾಕಿದ್ದೆ. ಆಗಿನ ಆವೃತ್ತಿಯಲ್ಲಿ ಅದು 'ಎಕ್ಸ್‌ಪೆರಿಮೆಂಟಲ್' ಅಂತ ಹೇಳಿಕೊಂಡೇ ಬರುತ್ತಿತ್ತು. ಕ್ಯಾಮೆರಾಗೆ ಹತ್ತಿರ ಇದ್ದಷ್ಟೂ ಅದು ನೆಲವನ್ನು ಸಣ್ಣಗೆ ಕೊಚ್ಚುತ್ತದೆ. ಒಂದು ಚೌಕ ನಾಲ್ಕಾಗುತ್ತದೆ, ನಾಲ್ಕು ಹದಿನಾರಾಗುತ್ತದೆ. ಆರು ಸುತ್ತಿಗೆ 4096. 137ನೇ ಫ್ರೇಮಿಗೆ ಹೋಗಿ ಪಕ್ಕದಿಂದ ನೋಡಿದೆ. ಕ್ಯಾಮೆರಾ ನೆಲಕ್ಕೆ ಹೆಚ್ಚುಕಮ್ಮಿ ಅಂಟಿಕೊಂಡಿತ್ತು. ಕೆಲಸ ಮಾಡುವಾಗಿನ ಸರಳ ನೋಟವಾದ ಸಾಲಿಡ್ ವ್ಯೂನಲ್ಲಿ ಈ ಕೊಚ್ಚುವಿಕೆ ಕಾಣುವುದಿಲ್ಲ, ಅದಕ್ಕೇ ಆಗ ಎಲ್ಲ ಸಲೀಸಾಗಿತ್ತು.

ಕ್ಯಾಮೆರಾವನ್ನು ಒಂದು ಚೂರು ಮೇಲೆತ್ತಿದೆ. ಹೆಚ್ಚೆಂದರೆ ಎಷ್ಟು ಸುತ್ತು ಕೊಚ್ಚಬಹುದು ಅನ್ನುವ ಮ್ಯಾಕ್ಸ್ ಸಬ್‌ಡಿವಿಷನ್ 12 ಇತ್ತು, 7ಕ್ಕೆ ಇಳಿಸಿದೆ. ಒಂದೊಂದು ಚೂರು ಎಷ್ಟು ದೊಡ್ಡದಿರಬೇಕು ಅನ್ನುವ ಡೈಸಿಂಗ್ ರೇಟ್ 1 ಪಿಕ್ಸೆಲ್‌ನಿಂದ 2ಕ್ಕೆ ಏರಿಸಿದೆ, ಚೂರುಗಳು ಸುಮಾರು ಕಾಲು ಭಾಗಕ್ಕೆ ಇಳಿಯುತ್ತವೆ. 137 ದಾಟಿತು, ಮೆಮೊರಿ 6 ಜಿಬಿಗೇ ನಿಂತಿತು. 137 ಸೇರಿ ಉಳಿದಿದ್ದ 104 ಫ್ರೇಮ್ ಒಂದೇ ಓಟಕ್ಕೆ ಮುಗಿದವು.

ಸೇರಿಸಿ ಓಡಿಸಿ ನೋಡಿದರೆ, 136ರಿಂದ 137ಕ್ಕೆ ಹೋಗುವಾಗ ಕಲ್ಲುಗಳೆಲ್ಲ ಒಮ್ಮೆ ಜಿಗಿಯುತ್ತಿವೆ. ಹಳೆಯ ಚಿತ್ರಗಳು ಹಳೆಯ ಸೆಟ್ಟಿಂಗ್‌ನವು ತಾನೇ. ಫೋಲ್ಡರ್ ಖಾಲಿ ಮಾಡಿ, 1ರಿಂದ ಮತ್ತೆ ರೆಂಡರ್‌ಗೆ ಹಾಕಿ ಮಲಗಿದೆ.