ಕಣ್ಣಿಗೆ ಹನಿ, ಮಂಡಿಗೆ ಮಾತ್ರೆ: ಎರಡನ್ನೂ ಜೊತೆಗೆ ತೆಗೆದುಕೊಳ್ಳುವುದು ಹೇಗೆ?

ನಮ್ಮ ಚಿಕ್ಕಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. ಮಂಡಿ ನೋವು ಜಾಸ್ತಿಯಾಯಿತೆಂದು ಮಗನ ಕೈಲಿ ಮಾತ್ರೆ ತರಿಸಿದರು. ಬೇರೆ ಔಷಧ ಏನಾದರೂ ನಡೆಯುತ್ತಿದೆಯಾ ಎಂದು ಮೆಡಿಕಲ್ ಶಾಪಿನವರು ಕೇಳಿದ್ದಕ್ಕೆ ‘ಏನಿಲ್ಲ’ ಅಂದನಂತೆ. ಮನೆಯಲ್ಲಿ ಫ್ರಿಜ್ ಮೇಲೆ ಮೂರು ಬಾಟಲಿ ಡ್ರಾಪ್ಸ್ ಸಾಲಾಗಿ ಕೂತಿದ್ದವು! ಡ್ರಾಪ್ಸನ್ನು ಔಷಧದ ಲೆಕ್ಕಕ್ಕೆ ಸೇರಿಸದವನು ಇವನೊಬ್ಬನೇ ಅಲ್ಲ.

ಮೊದಲು ಬಾಟಲಿ, ಮಾತ್ರೆಯ ಸ್ಟ್ರಿಪ್ ಎರಡನ್ನೂ ಬೆಳಕಿಗೆ ಹಿಡಿಯಿರಿ. ದೊಡ್ಡಕ್ಷರದ ಹೆಸರು ಬೇಡ, ಅದರ ಕೆಳಗಿನ ಸಣ್ಣಕ್ಷರ ಓದಿ. ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ. ಜನ ಎಡವುವುದು ಇಲ್ಲೇ.

ನೆಪಾಫೆನಾಕ್, ಕೆಟೊರೊಲಾಕ್, ಬ್ರೋಮ್‌ಫೆನಾಕ್ ಎಂದಿದ್ದರೆ ಆ ಡ್ರಾಪ್ಸೂ ನೋವಿನ ಔಷಧವೇ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಮಾತ್ರೆಗಳ ದಾಯಾದಿ. ಆಸ್ಪಿರಿನ್ ನುಂಗಿದರೆ ದಮ್ಮು ಕಟ್ಟುವವರಿಗೆ ಈ ಡ್ರಾಪ್ಸ್ ಕೂಡ ಆಗದಿರಬಹುದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರೂ ಡಾಕ್ಟರಿಗೆ ಹೇಳಲೇಬೇಕು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದರೆ ಈ ಗುಂಪಿನ ಮಾತ್ರೆ ಕೇಳದೆ ಬೇಡ.

ಗ್ಲಾಕೊಮಾಗೆ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ನೋಟ ಕೆಡಿಸುವ ಕಾಯಿಲೆ) ಹಾಕುವ ಟಿಮೊಲಾಲ್ ಡ್ರಾಪ್ಸ್ ಆಸ್ತಮಾ ಇದ್ದವರ ಉಸಿರು ಕಟ್ಟಿಸಬಲ್ಲದು. ಕಣ್ಣಿನ ಒತ್ತಡ ಇಳಿಸಲು ಅಸೆಟಜೋಲಮೈಡ್ ಮಾತ್ರೆ ಕೊಟ್ಟಿದ್ದರೆ ತಲೆನೋವಿಗೆಂದು ಆಸ್ಪಿರಿನ್ ಮುಟ್ಟಬೇಡಿ. (ಹೃದಯಕ್ಕೆಂದು ಡಾಕ್ಟರು ಬರೆದ 75 ಮಿ.ಗ್ರಾಂ ಆಸ್ಪಿರಿನ್‌ನ ಮಾತು ಬೇರೆ. ಅದನ್ನು ನೀವಾಗಿ ನಿಲ್ಲಿಸಬೇಡಿ, ಕಣ್ಣಿನ ಡಾಕ್ಟರಿಗೆ ಹೇಳಿ.)

ನನ್ನನ್ನು ಕೇಳಿದರೆ ಬರೀ ಪ್ಯಾರಾಸಿಟಮಾಲ್ ಸಾಕು. ಡ್ರಾಪ್ಸ್ ಜೊತೆ ಅದಕ್ಕೆ ಸಾಮಾನ್ಯವಾಗಿ ಜಗಳವಿಲ್ಲ. 650ರ ಮಾತ್ರೆಯಾದರೆ ಆರು ಗಂಟೆಗೊಂದು, ದಿನಕ್ಕೆ ನಾಲ್ಕು ದಾಟಬೇಡಿ. ಲಿವರ್ ತೊಂದರೆ ಇದ್ದವರು, ದಿನಾ ಕುಡಿಯುವವರು ಡಾಕ್ಟರನ್ನು ಕೇಳಿಯೇ ನುಂಗಿ. ಎರಡು ಮೂರು ಔಷಧ ಬೆರೆಸಿದ ಮಾತ್ರೆ ನನಗಂತೂ ಸೇರುವುದಿಲ್ಲ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಇದೆ. ಅದರ ಮೇಲೆ ಡೋಲೋ (ಅದೂ ಪ್ಯಾರಾಸಿಟಮಾಲೇ) ನುಂಗಿದರೆ ಲೆಕ್ಕ ತಪ್ಪುತ್ತದೆ. ನೆಗಡಿ ಮಾತ್ರೆ ಇನ್ನೂ ಕಿರಿಕಿರಿ. ಎಷ್ಟೋ ಬಾರಿ ಅದರಲ್ಲಿ ಫಿನೈಲೆಫ್ರಿನ್, ಕ್ಲೋರ್‌ಫೆನಿರಮೈನ್ ಸೇರಿರುತ್ತವೆ. ಕಣ್ಣಿನೊಳಗಿನ ಕೋನ ಕಿರಿದಾಗಿರುವ ಗ್ಲಾಕೊಮಾದವರಿಗೆ ಅವು ಒತ್ತಡವನ್ನು ದಿಢೀರನೆ ಏರಿಸಬಹುದು.

ಮಾತ್ರೆಗೂ ಡ್ರಾಪ್ಸ್‌ಗೂ ನಡುವೆ ಎಷ್ಟು ಹೊತ್ತು ಬಿಡಬೇಕು ಅಂತ ಕೇಳುತ್ತಾರೆ. ಸುಮ್ನೆ ಗಡಿಯಾರ ನೋಡಬೇಡಿ. ಆಗಿಬರದ ಜೋಡಿ ಎರಡು ಗಂಟೆ ಬಿಟ್ಟರೂ ಆಗಿಬರುವುದಿಲ್ಲ. ಐದು ನಿಮಿಷ ಬಿಡಬೇಕಾದ್ದು ಒಂದು ಡ್ರಾಪ್ಸ್‌ಗೂ ಇನ್ನೊಂದಕ್ಕೂ.

ಹಾಕುವುದು ಸುಲಭ: ಕೈ ತೊಳೆದು, ಕೆಳರೆಪ್ಪೆ ಎಳೆದು, ಒಂದೇ ಹನಿ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಮೆತ್ತಗೆ ಒತ್ತಿ ಹಿಡಿಯಿರಿ. ಕಣ್ಣುಗುಡ್ಡೆಯನ್ನಲ್ಲ! ಗಂಟಲಲ್ಲಿ ಕಹಿ ಬರುತ್ತದೆ, ಅಲ್ವಾ? ಹನಿ ಕಣ್ಣೀರಿನ ದಾರಿ ಹಿಡಿದು ಮೂಗಿಗಿಳಿದ ಗುರುತು ಅದು. ರಕ್ತಕ್ಕೆ ಸೇರುವುದೂ ಹೆಚ್ಚಾಗಿ ಅಲ್ಲಿಂದಲೇ.

ಇನ್ನು ಆಪರೇಷನ್ ಆದ ಕಣ್ಣೇ ಜೋರಾಗಿ ನೋಯುತ್ತಿದ್ದರೆ, ಕೆಂಪಾಗಿ ನೋಟ ಮಂಜಾದರೆ, ಮಾತ್ರೆ ನುಂಗಿ ಮಲಗಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.